ಹೆಸರು ಕಾಣದ ಹೋಟೆಲು

ಪರ್ತ್‌ನ ಕನ್ನಡದವರ ನಡುವೆ ದೇವಕಿಗೆ ಒಂದು ಖ್ಯಾತಿ ಇತ್ತು. ಯಾರ ಮನೆಗೆ ಊರಿನಿಂದ ನೆಂಟರು ಬರಲಿ, ಯಾರ ಮಗನಿಗೆ ಬೇರೆ ಊರಿನಲ್ಲಿ ಕೆಲಸದ ಸಂದರ್ಶನವಿರಲಿ, ಮೊದಲ ಫೋನು ಹೋಗುತ್ತಿದ್ದುದು ಸದರ್ನ್ ರಿವರ್‌ನ ಅವಳ ಮನೆಗೆ. "ಆಂಟಿ, ಅಪ್ಪ ಅಮ್ಮ ಕಾನ್ವೊಕೇಶನ್‌ಗೆ ಬರ್ತಿದ್ದಾರೆ, ಒಂದು ರೂಮ್ ಹಿಡಿದುಕೊಡ್ತೀರಾ?" ಎಂದು ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದುವ ಹುಡುಗರು ಕೇಳುತ್ತಿದ್ದರು. ಅವಳು ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಒಲೆಯ ಮೇಲಿನ ಸಾರು ಕುದಿ ಬರುವುದರೊಳಗೆ, ಅವರು ಕನಸಿನಲ್ಲೂ ಕಾಣದ ಬೆಲೆಗೆ ರೂಮು ಹಿಡಿದು ಕೊಡುತ್ತಿದ್ದಳು.

ಈ ವಿದ್ಯೆ ಅವಳಿಗೆ ತಂದೆಯಿಂದ ಬಂದದ್ದು. ಅವರು ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ದಲ್ಲಾಳಿ. ಹರಾಜಿನ ದಿನ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಯಾರಿಗೆ ಮಾಲು ಬೇಕೇ ಬೇಕಾಗಿದೆ, ಯಾರು ಬೇಡವೆಂಬಂತೆ ನಟಿಸುತ್ತಿದ್ದಾರೆ ಎಂದು ಮುಖ ನೋಡಿ ಹೇಳುವುದನ್ನು ಅವಳು ಅಲ್ಲಿ ಕಲಿತಳು. ಮದುವೆಯಾಗಿ ಉಮಾಪತಿಯ ಜೊತೆ ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ಕಲೆ ಕೈಹಿಡಿಯಿತು. ಉಮಾಪತಿ ಡಾಕ್ಟರು, ಆದರೆ ಇಲ್ಲಿನ ಪರೀಕ್ಷೆಗಳನ್ನು ಮುಗಿಸುವ ತನಕ ರೋಗಿಯ ನಾಡಿ ಹಿಡಿಯುವಂತಿರಲಿಲ್ಲ. ಆ ವರ್ಷಗಳಲ್ಲಿ ದೇವಕಿ ಜೂಂಡಲಪ್ ಕಡೆಯ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿದು ಸಂಸಾರ ತೂಗಿಸಿದಳು. ಪರೀಕ್ಷೆಗೆಂದು ಅವನು ಊರೂರು ಅಲೆಯುವಾಗ ಉಳಿಯಲು ಅಗ್ಗದ ಜಾಗ ಹುಡುಕುತ್ತಲೇ ಅವಳು ಹೋಟೆಲ್ ರೂಮುಗಳ ಹರಾಜಿನ ಒಂದು ವೆಬ್‌ಸೈಟನ್ನು ಕಂಡುಕೊಂಡದ್ದು. ಈಗ ಉಮಾಪತಿಗೆ ಸ್ವಂತ ಕ್ಲಿನಿಕ್ಕಿತ್ತು. ಎಲ್ಲಿಯಾದರೂ ಪೂರ್ತಿ ಬೆಲೆ ಕೊಟ್ಟು ಉಳಿಯಬಹುದಿತ್ತು. ಆದರೆ ಪೂರ್ತಿ ಬೆಲೆ ಕೊಟ್ಟ ಹಾಸಿಗೆಯಲ್ಲಿ ದೇವಕಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಆ ವೆಬ್‌ಸೈಟಿನ ರೀತಿಯೇ ಬೇರೆ. ಹೋಟೆಲಿನ ಹೆಸರನ್ನು ಅದು ತೋರಿಸುವುದಿಲ್ಲ. ಯಾವ ಬಡಾವಣೆ, ಎಷ್ಟು ಸ್ಟಾರು, ಅಷ್ಟೇ. ನಮಗೆ ತೋಚಿದ ಬೆಲೆಯನ್ನು ನಾವು ಕೂಗಬೇಕು. ಒಪ್ಪಿಗೆಯಾಗದಿದ್ದರೆ ಆ ದಿನವಿಡೀ ಅದೇ ಜಾಗಕ್ಕೆ ಮತ್ತೆ ಕೂಗುವಂತಿಲ್ಲ. ಒಪ್ಪಿಗೆಯಾದರೆ ಮೊದಲು ಕಾರ್ಡಿನಿಂದ ಹಣ ಹೋಗುತ್ತದೆ, ಆಮೇಲೆ ಹೆಸರು ಕಾಣುತ್ತದೆ. ಹೋದ ಹಣ ಏನು ಮಾಡಿದರೂ ಹಿಂದೆ ಬರುವುದಿಲ್ಲ. ಇದರಲ್ಲೂ ದೇವಕಿ ಒಂದು ಸಂದು ಹುಡುಕಿದ್ದಳು. ಅಂಥ ಸ್ಟಾರಿನ ಹೋಟೆಲೇ ಇಲ್ಲದ ಇನ್ನೊಂದು ಬಡಾವಣೆಯನ್ನೂ ಕೂಗಿಗೆ ಸೇರಿಸಿದರೆ ಸಾಕು, ಯಂತ್ರ ಅದನ್ನು ಹೊಸ ಕೂಗೆಂದು ತಿಳಿಯುತ್ತದೆ, ಸಿಗುವುದು ಮಾತ್ರ ಬೇಕಾದ ಜಾಗವೇ. ಹೀಗೆ ನಾಲ್ಕಾರು ಸಲ ಕೂಗಿ, ಡಾಲರ್ ಡಾಲರ್ ಏರಿಸಿ, ಕೊನೆಗೆ ಗೆಲ್ಲುತ್ತಿದ್ದಳು.

ಆ ಜನವರಿಯ ರಜೆಗೆ ಹೊರಟದ್ದು ಅತ್ತೆ ಕಮಲಾ ಅವರಿಗಾಗಿ. ಮೈಸೂರಿನಿಂದ ಬಂದಿದ್ದ ಅವರಿಗೆ ಎಪ್ಪತ್ತು ದಾಟಿತ್ತು. ಮೂಳೆ ಸವೆದಿತ್ತು, ಆದರೆ ನಾಲಿಗೆ ಸವೆದಿರಲಿಲ್ಲ. ಒಂದು ಸಂಜೆ ಪರ್ತ್‌ನ ಕಡಲತೀರದಲ್ಲಿ ಕೂತು, "ನಮ್ಮ ಉಡುಪಿ ಕಡೆಗೆ ಹೋದ್ರೂ ಸೂರ್ಯ ನೀರಲ್ಲಿ ಮುಳುಗೋದೇ, ಇಲ್ಲೂ ಮುಳುಗೋದೇ. ಏಳೋದನ್ನ ಒಂದ್ಸಲ ನೋಡ್ಬೇಕು ಕಣಪ್ಪ," ಎಂದರು. ತಾಯಿ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಉಮಾಪತಿ ಅಂದೇ ನಿಶ್ಚಯಿಸಿದ: ಅಡಿಲೇಡ್‌ನಲ್ಲಿ ಮೂರು ದಿನ, ಅಲ್ಲಿಂದ ಬ್ರಿಸ್ಬೇನ್, ಪೂರ್ವದ ಕಡಲು. ಅವನು, ದೇವಕಿ, ಕಮಲಾ, ಮತ್ತು ಹದಿಮೂರರ ಮಗಳು ಸ್ಪಂದನಾ.

ಅಡಿಲೇಡ್‌ನ ಹೋಟೆಲು ಸುಲಭವಾಗಿ ಸಿಕ್ಕಿತು. ದೊಡ್ಡ ಮಾರುಕಟ್ಟೆಗೆ ನಡೆದುಹೋಗುವಷ್ಟು ಹತ್ತಿರ, ಚೊಕ್ಕ ರೂಮು. ಬ್ರಿಸ್ಬೇನ್‌ನದನ್ನು ದೇವಕಿ ಬೇಕೆಂದೇ ತಡಮಾಡಿದಳು. ಖಾಲಿ ಉಳಿಯುತ್ತದೆಂಬ ಭಯ ಹುಟ್ಟಿದ ಮೇಲೆಯೇ ಹೋಟೆಲಿನವರು ಬೆಲೆ ಇಳಿಸುತ್ತಾರೆ ಎಂಬುದು ಅವಳ ಲೆಕ್ಕ.

ಎರಡನೆಯ ದಿನ ಅಡಿಲೇಡ್‌ನಲ್ಲಿ ಎಲೆ ಅಲುಗದ ಬಿಸಿಲು. ಉಮಾಪತಿ ಮತ್ತು ಸ್ಪಂದನಾ ಟ್ರ್ಯಾಮ್ ಹತ್ತಿ ಬೀಚಿಗೆ ಹೋಗಿದ್ದರು. ಕಮಲಾ ಪರದೆ ಎಳೆದು ಗೋಡೆ ಕಡೆ ತಿರುಗಿ ಮಲಗಿದ್ದರು. ದೇವಕಿ ಕೂಗಲು ಕುಳಿತಳು. ಬ್ರಿಸ್ಬೇನ್, ಕೊಲ್ಲಿಯ ದಂಡೆ, ನಾಲ್ಕು ಸ್ಟಾರು. ಸಿಗಲಾರದೆಂದು ಗೊತ್ತಿದ್ದೇ, ಬರೀ ನಾಡಿ ನೋಡಲೆಂದು, ನಾಚಿಕೆಯಾಗುವಷ್ಟು ಕಡಿಮೆ ಬೆಲೆ ಹಾಕಿದಳು.

ಕಣ್ಣು ಮಿಟುಕಿಸುವುದರೊಳಗೆ ಒಪ್ಪಿಗೆ ಬಂತು.

ತಂದೆ ಒಂದು ಮಾತು ಹೇಳುತ್ತಿದ್ದರು: "ಕೂಗಿದ ತಕ್ಷಣ ಎದುರಿನವನು ಹೂಂ ಅಂದ್ರೆ, ಖುಷಿ ಪಡೋ ಮೊದಲು ಮೂಟೆ ಒಳಗೆ ಕೈ ಹಾಕಿ ನೋಡು." ಆ ಮಾತು ಅವಳ ನೆನಪಿಗೆ ಬರದೆ ಇರಲಿಲ್ಲ. ಆದರೆ ಪರದೆಯ ಮೇಲೆ ಹೋಟೆಲಿನ ಚಿತ್ರ ಮೂಡಿತ್ತು. ಬಿಳಿ ಕಟ್ಟಡ, ಎದುರಿಗೇ ಕಡಲು, ಪೂರ್ವಕ್ಕೆ ತೆರೆದ ಬಾಲ್ಕನಿ. ಅವಳು ಗೆದ್ದಿದ್ದಳು.

ಸ್ವಲ್ಪ ಹೊತ್ತಿಗೆ ಬ್ರಿಸ್ಬೇನ್‌ನಲ್ಲಿರುವ ಗೆಳತಿ ಸುಮತಿಗೆ ಫೋನು ಮಾಡಿ ಸುದ್ದಿ ಹೇಳಿದಳು.

"ದೇವಕಿ, ನೀನು ನ್ಯೂಸ್ ನೋಡ್ತಿಲ್ವಾ? ಸೈಕ್ಲೋನ್ ಬರ್ತಿದೆ ಕಣೇ. ಇಲ್ಲಿ ಎಲ್ರೂ ಮರಳಿನ ಮೂಟೆಗೆ ಕ್ಯೂ ನಿಂತಿದ್ದಾರೆ. ಅಂಗಡೀಲಿ ಬ್ರೆಡ್ ಇಲ್ಲ, ನೀರಿಲ್ಲ. ಆ ದಂಡೆ ಕಡೆಯವರನ್ನ ಖಾಲಿ ಮಾಡಿಸ್ತಾರಂತೆ."

"ಯಾವಾಗ ಬರುತ್ತಂತೆ?"

"ಶುಕ್ರವಾರ ಅಂತಾರೆ, ಶನಿವಾರ ಅಂತಾರೆ. ಅದರ ದಾರಿ ಅದಕ್ಕೇ ಗೊತ್ತಿಲ್ಲ. ಬರಲೇಬೇಡಿ. ಬಂದ್ರೂ ಸೀದಾ ನಮ್ಮನೆಗೇ ಬಂದ್ಬಿಡಿ, ನಾವು ಗುಡ್ಡದ ಮೇಲಿದ್ದೀವಿ."

ಫೋನು ಇಟ್ಟ ಮೇಲೆ ದೇವಕಿಗೆ ಎಲ್ಲವೂ ಅರ್ಥವಾಯಿತು. ಬುದ್ಧಿಯಿದ್ದವರೆಲ್ಲ ಬಿಟ್ಟುಹೋದ ಕೋಣೆಯನ್ನು ಅವಳು ಹರಾಜಿನಲ್ಲಿ ಹಿಡಿದಿದ್ದಳು. ಹಣ ಹೋಗಿತ್ತು. ಹಣಕ್ಕಿಂತ ಹೆಚ್ಚಾಗಿ, 'ಎಂದಾದರೂ ನಿನ್ನ ಈ ಚೌಕಾಶಿ ನಮ್ಮನ್ನ ಮುಳುಗಿಸುತ್ತೆ' ಎಂದು ನಗುವ ಗಂಡನ ಮುಂದೆ ಹೇಗೆ ಬಾಯಿಬಿಡುವುದು? ಬುಧವಾರ ಹೋಗಿ ಒಂದೇ ಒಂದು ಸೂರ್ಯೋದಯ ನೋಡಿಕೊಂಡು ಗುರುವಾರ ಬಂದುಬಿಟ್ಟರಾಯಿತು ಎಂದುಕೊಂಡಳು. ರಜೆಯಲ್ಲಿ ನ್ಯೂಸನ್ನೇ ನೋಡದ ಉಮಾಪತಿ ಸಂಜೆ ಬಂದಾಗ ಅವನಿಗೆ ಬಾಲ್ಕನಿಯ ಚಿತ್ರ ತೋರಿಸಿದಳು. ಸುಮತಿಯ ಮಾತು ಎತ್ತಲಿಲ್ಲ.

ಸ್ಪಂದನಾ ಮಾತ್ರ ಫೋನಿನಲ್ಲಿ ಸುತ್ತುತ್ತಿದ್ದ ಬಿಳಿಯ ಸುಳಿಯನ್ನು ನೋಡುತ್ತ, "ಅಮ್ಮಾ, ಇಟ್ಸ್ ಗೆಟಿಂಗ್ ಬಿಗರ್," ಎಂದಳು.

"ಅದು ಇನ್ನೂ ಸಮುದ್ರದಲ್ಲಿದೆ ಪುಟ್ಟಿ, ಮಲಕ್ಕೋ," ಎಂದಳು ದೇವಕಿ.

ಬ್ರಿಸ್ಬೇನ್‌ಗೆ ಹೋದ ವಿಮಾನದಲ್ಲಿ ಅರ್ಧ ಸೀಟು ಖಾಲಿ. ಟ್ಯಾಕ್ಸಿಯವನು ಹೋಟೆಲಿನ ಹೆಸರು ಕೇಳಿ ಕನ್ನಡಿಯಲ್ಲಿ ಅವರನ್ನು ಎರಡು ಸಲ ನೋಡಿದ. ದಾರಿಯುದ್ದಕ್ಕೂ ಕಾರುಗಳೆಲ್ಲ ಎದುರಿನಿಂದಲೇ ಬರುತ್ತಿದ್ದವು, ತಲೆಯ ಮೇಲೆ ಹಾಸಿಗೆ, ಹಿಂದೆ ನಾಯಿ, ದೋಣಿ. ಕಡಲ ಕಡೆಗೆ ಹೋಗುತ್ತಿದ್ದವರು ಇವರಷ್ಟೇ. ಆಕಾಶ ಮಾತ್ರ ನಿರ್ಮಲವಾಗಿತ್ತು. ಗಾಳಿಯೇ ಇರಲಿಲ್ಲ. ಆದರೂ ದಂಡೆಯಲ್ಲಿ ಕಟ್ಟಿದ್ದ ದೋಣಿಗಳು ಒಂದೇ ಸಮನೆ ತೊನೆದು, ಹಾಯಿಕಂಬಗಳಿಗೆ ತಂತಿ ಬಡಿದು ಟಣ್ ಟಣ್ ಎನ್ನುತ್ತಿದ್ದವು.

ಹೋಟೆಲಿನ ಹುಡುಗಿ ಮೆಗನ್ ಏಣಿಯ ಮೇಲೆ ನಿಂತು ಗಾಜಿಗೆ ಟೇಪು ಅಂಟಿಸುತ್ತಿದ್ದಳು. ಇವರನ್ನು ಕಂಡು ಗಾಬರಿಯಿಂದ ಇಳಿದು ಬಂದಳು. ಹೊಸ ಅತಿಥಿಗಳನ್ನು ತೆಗೆದುಕೊಳ್ಳುವುದನ್ನು ಅವರು ಸೋಮವಾರವೇ ನಿಲ್ಲಿಸಿದ್ದರಂತೆ. ಆ ಹರಾಜಿನ ವೆಬ್‌ಸೈಟಿಗೆ ಹೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. "ನಿಮಗೆ ಒಪ್ಪಿಗೆ ಕೊಟ್ಟದ್ದು ಮನುಷ್ಯರಲ್ಲ, ಕಂಪ್ಯೂಟರು," ಎಂದಳು. ನಾಳೆ ಮಧ್ಯಾಹ್ನದೊಳಗೆ ಇಡೀ ಬೀದಿ ಖಾಲಿಯಾಗಬೇಕು, ಒಂದು ರಾತ್ರಿ ಇರಬಹುದು, ಆದರೆ ಇಲ್ಲಿ ಯಾರಾದರೂ ಪರಿಚಯದವರಿದ್ದರೆ ಈಗಲೇ ಹೋಗುವುದು ಒಳ್ಳೆಯದು.

ಉಮಾಪತಿ ಹೆಂಡತಿಯ ಕಡೆ ತಿರುಗಿದ. "ಸುಮತಿ ಇದ್ದಾರಲ್ಲ? ಒಂದ್ಸಲ ಫೋನ್ ಮಾಡು."

ಸುಮತಿಗೆ ಫೋನು ಮಾಡಿದರೆ ಮೊದಲ ಮಾತೇ 'ನಾನು ಹೇಳಿರಲಿಲ್ವಾ' ಎಂದು ಬರುತ್ತದೆ, ಪಕ್ಕದಲ್ಲಿ ನಿಂತ ಗಂಡನಿಗೆ ಕೇಳಿಸುತ್ತದೆ.

"ಅವರು ಊರಲ್ಲಿಲ್ಲ ರೀ," ಎಂದಳು. "ಸಿಡ್ನಿಗೆ ಹೋಗಿದ್ದಾರೆ."

ಕಮಲಾ ಸೊಸೆಯ ಮುಖವನ್ನೊಮ್ಮೆ ನೋಡಿದರು. "ಒಂದು ರಾತ್ರಿ ತಾನೆ," ಎಂದು ಲಿಫ್ಟಿನ ಕಡೆ ನಡೆದರು.

ಬಿರುಗಾಳಿ ಹೇಳಿದ ದಿನಕ್ಕೆ ಕಾಯಲಿಲ್ಲ. ಬೆಳಗಿನ ಜಾವಕ್ಕೆ ದಿಕ್ಕು ಬದಲಿಸಿ, ವೇಗ ಹೆಚ್ಚಿಸಿಕೊಂಡು ಬಂದುಬಿಟ್ಟಿತ್ತು. ಕಮಲಾ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಾಲ್ಕನಿಯ ಗಾಜಿನ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಸೂರ್ಯ ಹುಟ್ಟಲಿಲ್ಲ. ಕತ್ತಲೆಯೇ ಬೂದಿಬಣ್ಣಕ್ಕೆ ತಿರುಗಿತು, ಅಷ್ಟೇ. ಆ ಬೂದಿಯೊಳಗೆ ಕಡಲು ರಸ್ತೆ ದಾಟಿ ಬಂದದ್ದು ಕಾಣಿಸಿತು. ದೋಣಿಯೊಂದು ಬಸ್ ನಿಲ್ದಾಣಕ್ಕೆ ಒರಗಿ ನಿಂತಿತ್ತು.

ಮೆಗನ್ ಬಾಗಿಲು ಬಡಿದಳು. ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ನೀರು ನುಗ್ಗಿತ್ತು. ನಗರ ಕೌನ್ಸಿಲ್‌ನವರ ವ್ಯಾನು ಹಿಂಬಾಗಿಲಿಗೆ ಬರುತ್ತಿದೆ, ಈಗಲೇ ಇಳಿಯಬೇಕು. ಕರೆಂಟು ಹೋಗಿ ಲಿಫ್ಟು ನಿಂತಿತ್ತು. ಮೂರನೆಯ ಮಹಡಿಯಿಂದ ಮೆಟ್ಟಿಲಿಳಿಯತೊಡಗಿದರು. ಮುಂದೆ ಉಮಾಪತಿ ಮತ್ತು ಮಗಳು, ಹಿಂದೆ ಅತ್ತೆಯ ತೋಳು ಹಿಡಿದ ದೇವಕಿ. ಮೊದಲನೆಯ ಮಹಡಿಯ ತಿರುವಿನಲ್ಲಿ ಬಾಗಿಲೊಂದು ಗಾಳಿಗೆ ಕಿತ್ತುಹೋಗಿ ಮೆಟ್ಟಿಲೆಲ್ಲ ಮಳೆನೀರಾಗಿತ್ತು. ಕಮಲಾ ಅವರ ಕಾಲು ಜಾರಿತು. ಒದ್ದೆ ತೋಳು ದೇವಕಿಯ ಕೈಯಿಂದ ಮೀನಿನಂತೆ ನುಣುಚಿಹೋಯಿತು. ಅವರು ಐದಾರು ಮೆಟ್ಟಿಲು ಕೆಳಗೆ ಬಿದ್ದರು.

ಉಮಾಪತಿ ಮಂಡಿಯೂರಿ ಕುಳಿತ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದನ್ನು ಕಂಡ ಕೂಡಲೇ ಅವನಿಗೆ ತಿಳಿಯಿತು. ಸೊಂಟದ ಕೀಲು ಮುರಿದಿದೆ. ಈ ವಯಸ್ಸಿನಲ್ಲಿ ಅದು ಮುರಿದರೆ ಮುಂದೆ ಏನೇನು ಬರುತ್ತದೆ ಎಂಬುದನ್ನು ಅವನು ಎಷ್ಟೋ ವೃದ್ಧ ರೋಗಿಗಳ ಮಕ್ಕಳಿಗೆ ತಗ್ಗಿದ ದನಿಯಲ್ಲಿ ವಿವರಿಸಿದ್ದ. ಈಗ ಕೈಯಲ್ಲಿ ಮಾಮೂಲಿ ನೋವಿನ ಗುಳಿಗೆ ಬಿಟ್ಟರೆ ಏನೂ ಇರಲಿಲ್ಲ. ವ್ಯಾನಿಗೆ ಹಿಂಬಾಗಿಲು ತಲುಪಲಾಗಲಿಲ್ಲ. ಗಾಳಿ ಇಳಿಯುವವರೆಗೆ ಆಂಬುಲೆನ್ಸ್ ಬರಲಾರದೆಂದು ಫೋನಿನಲ್ಲಿ ಹೇಳಿದರು. ದಿಂಬುಗಳನ್ನು ಕಾಲಿನ ಎರಡೂ ಬದಿಗೆ ಕಟ್ಟಿ, ಕಿಟಕಿಯಿಲ್ಲದ ಮೊಗಸಾಲೆಯಲ್ಲಿ ಅವರನ್ನು ಮಲಗಿಸಿದರು. ಮೆಗನ್ ತನ್ನ ಜಾಕೆಟ್ಟು ಹೊದಿಸಿ ಅಲ್ಲೇ ಕೂತಳು. ಹಗಲೆಲ್ಲ ಕಟ್ಟಡ ನರಳುತ್ತಿತ್ತು. ಕಮಲಾ ನರಳಲಿಲ್ಲ. ಸ್ಪಂದನಾ ಅಜ್ಜಿಯ ಕೈ ಹಿಡಿದು, ಎಂದೂ ಆಡದ ಕನ್ನಡದಲ್ಲಿ, "ಅಜ್ಜಿ, ನೋವಾಗ್ತಿದ್ಯಾ? ಅಜ್ಜಿ, ಮಾತಾಡಿ," ಎನ್ನುತ್ತಿದ್ದಳು.

ಸಂಜೆ ಆಂಬುಲೆನ್ಸ್ ಬಂತು. ಮಾರನೆಯ ದಿನ ಆಪರೇಷನ್ ಆಯಿತು. ಅದರ ಮರುದಿನ ಸುಮತಿ ಪರ್ತ್‌ನ ಕನ್ನಡದವರಿಂದ ಸುದ್ದಿ ತಿಳಿದು, ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು ವಾರ್ಡಿಗೆ ಓಡಿಬಂದಳು. ಉಮಾಪತಿಯನ್ನು ಕಂಡವಳೇ ಅತ್ತುಬಿಟ್ಟಳು.

"ಏನ್ ಅಣ್ಣಾ ಇದು! ದೇವಕಿ ಅಡಿಲೇಡ್‌ನಿಂದ ಫೋನ್ ಮಾಡಿದಾಗ್ಲೇ ಅಷ್ಟು ಹೇಳ್ದೆ, ಬರಬೇಡಿ, ಬಂದ್ರೆ ನಮ್ಮನೆಗೇ ಬನ್ನಿ ಅಂತ. ನಾವು ದಾರಿ ಕಾಯ್ತಾ ಕೂತಿದ್ವಿ."

ಉಮಾಪತಿ ಫ್ಲಾಸ್ಕನ್ನು ತೆಗೆದುಕೊಂಡು ತಾಯಿಯ ಪಕ್ಕದ ಮೇಜಿನ ಮೇಲಿಟ್ಟ. ಸುಮತಿ ಹೋದ ಮೇಲೆ ಕಾರಿಡಾರಿನಲ್ಲಿ, ನೀರಿನ ಯಂತ್ರದ ಪಕ್ಕ ನಿಂತು ಹೇಳಿದ: "ಮೊದಲ್ನೇ ಸಲ ಮುಚ್ಚಿಟ್ಟೆ, ಹೋಗ್ಲಿ. ಎರಡ್ನೇ ಸಲ ನಾನೇ ಕೇಳಿದ್ನಲ್ಲ ದೇವಕಿ. ಬಾಯಿಬಿಟ್ಟು ಕೇಳಿದ್ನಲ್ಲ." ದನಿ ಏರಲಿಲ್ಲ. ಏರಿದ್ದರೆ ಅವಳು ಅಳಬಹುದಿತ್ತು.

ಕ್ಲಿನಿಕ್ಕು, ಶಾಲೆ ಎಂದು ಅಪ್ಪ ಮಗಳಿಬ್ಬರೂ ಪರ್ತ್‌ಗೆ ಮರಳಿದರು. ದೇವಕಿ ಸುಮತಿಯ ಮನೆಯಲ್ಲಿದ್ದುಕೊಂಡು ದಿನವೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದಳು. ಅತ್ತೆಗೆ ಮೈ ಒರೆಸಿ, ತಲೆ ಬಾಚಿ, ಗಂಜಿ ಕುಡಿಸುತ್ತಿದ್ದಳು. ಒಂದು ಮಧ್ಯಾಹ್ನ, ಪಕ್ಕದ ಮಂಚದವಳು ನಿದ್ದೆಹೋದಾಗ, ಅವಳು ಅತ್ತೆಯ ಪಾದದ ಬಳಿ ಕೂತು ಎಲ್ಲವನ್ನೂ ಹೇಳಿಕೊಂಡಳು.



"ನಾನೂ ಕೇಳಿಸ್ಕೊಂಡಿದ್ದೆ ಕಣೇ," ಎಂದರು ಕಮಲಾ. "ಅಡಿಲೇಡ್‌ನಲ್ಲಿ. ನಿದ್ದೆ ಬಂದಿರ್ಲಿಲ್ಲ. ಸುಮತಿ ಗಂಟಲು ಏನು ಸಣ್ಣದಾ? ಆ ಕಡೆ ಮಾತಾಡಿದ್ದೂ ಕೇಳಿಸ್ತು. ನೀನು ಹೇಳ್ತೀಯಾ ಅಂತ ಕಾದೆ. ಹೇಳ್ಲಿಲ್ಲ. ಸದ್ಯ ಅನ್ಸ್ತು. ಹೇಳಿದ್ರೆ ಅವನು ಅಲ್ಲಿಂದ್ಲೇ ವಾಪಸ್ ಕರ್ಕೊಂಡ್ಹೋಗ್ತಿದ್ದ. ನನಗೆ ಇನ್ನೊಂದ್ಸಲ ಬರೋ ಶಕ್ತಿ ಎಲ್ಲಿತ್ತು?"

ದೇವಕಿ ಅತ್ತೆಯ ಪಾದಕ್ಕೆ ಹೊದಿಕೆ ಎಳೆದಳು.

"ಅವನಿಗೆ ಇದನ್ನ ಹೇಳ್ಬೇಡ," ಎಂದರು ಕಮಲಾ. "ಈಗ ಅವನಿಗೆ ಸಿಟ್ಟು ಮಾಡ್ಕೊಳ್ಳೋಕೆ ನೀನಾದ್ರೂ ಇದ್ದೀಯ. ನನ್ನ ಮೇಲೆ ಮಾಡ್ಕೊಂಡ್ರೆ, ನಾನು ಹೋದ ಮೇಲೆ ಅವನು ಆ ಸಿಟ್ಟನ್ನ ಎಲ್ಲಿ ಇಡ್ತಾನೆ?"

ಅವರನ್ನು ಪರ್ತ್‌ಗೆ ಕರೆತರುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ವಾಕರ್ ಹಿಡಿದು ಬಾಗಿಲಿನವರೆಗೆ ನಡೆಯುವುದನ್ನೂ ಕಲಿತರು. ಆದರೆ ಇಲ್ಲಿನ ಚಳಿಗಾಲ ಶುರುವಾದಾಗ ಎದೆಯಲ್ಲಿ ಕಫ ಕಟ್ಟಿತು. ಉಮಾಪತಿ ಹೆದರಿದ್ದದ್ದು ಅದಕ್ಕೇ. ಜೂನ್ ತಿಂಗಳ ಒಂದು ಬೆಳಿಗ್ಗೆ ಅವರು ತೀರಿಕೊಂಡರು.

ಮನೆ ಹಳೆಯ ಲಯಕ್ಕೆ ಬಂದಂತೆ ಕಂಡಿತು. ಉಮಾಪತಿ ಊಟದ ರುಚಿ ಹೇಳುತ್ತಿದ್ದ, ಮಗಳ ಮಾರ್ಕ್ಸು ಕೇಳುತ್ತಿದ್ದ. ಆದರೆ ದೇವಕಿ ಏನು ಹೇಳಿದರೂ, ಹಾಲು ಮುಗಿದಿದೆ ಎಂದರೂ, ಒಮ್ಮೆ ತಾನೇ ಎದ್ದು ಫ್ರಿಜ್ ತೆಗೆದು ನೋಡುತ್ತಿದ್ದ. ಅದು ಅವನಿಗೇ ಗೊತ್ತಾಗುತ್ತಿತ್ತೋ ಇಲ್ಲವೋ.

ತಾಯಿಯ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದ ಭಾನುವಾರ, ಅವನು ಒಂದು ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ: "ಅಷ್ಟು ದಿನ ಆಸ್ಪತ್ರೆಲಿ ನೀನೊಬ್ಳೇ ಇದ್ಯಲ್ಲ ಅವರ ಜೊತೆ. ಅಮ್ಮ ಏನಾದ್ರೂ ಹೇಳಿದ್ರಾ? ಆ ಟ್ರಿಪ್ ಬಗ್ಗೆ?"

ಹೇಳಿಬಿಟ್ಟರೆ ಅರ್ಧ ಭಾರ ಇಳಿಯುತ್ತಿತ್ತು. ಹೇಳಿದರೂ ಅವನು ನಂಬುತ್ತಾನೆಂಬ ಭರವಸೆ ಅವಳಿಗಿರಲಿಲ್ಲ.

"ಇಲ್ಲ ರೀ," ಎಂದಳು ದೇವಕಿ. "ಏನೂ ಹೇಳ್ಲಿಲ್ಲ."

ಅವನು ಅವಳ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಸೀರೆಯನ್ನು ಪೆಟ್ಟಿಗೆಯೊಳಗಿಟ್ಟ.