ಓಟದ ದಾರಿಗೆ ಆಕಾಶದ ಕಾವಲು

ಬೆಳಗಿನ ಐದೂವರೆ. ಪುಣೆಯ ಖರಾಡಿಯ ಹದಿನಾಲ್ಕು ಮಹಡಿಯ ಕಟ್ಟಡವೊಂದರ ತಾರಸಿಯಲ್ಲಿ ಶರಣಮ್ಮ ತಲೆಗೆ ಸೆರಗು ಬಿಗಿದು, ಕೊರಳಿಗೆ ದುರ್ಬೀನು ಹಾಕಿಕೊಂಡು ನಿಂತಿದ್ದಾರೆ. ಕೈಯಲ್ಲಿ ವಾಕಿಟಾಕಿ. ಇವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿದ್ದೇನೆ. ಇನ್ನೊಂದು ಗಂಟೆಗೆ ಕೆಳಗಿನ ರಸ್ತೆಯಲ್ಲಿ ಒಂಬತ್ತು ಸಾವಿರ ಜನ ಓಡಲಿದ್ದಾರೆ. ಅವರ ತಲೆಯ ಮೇಲೆ ಡ್ರೋನ್ ಬರದಂತೆ ಕಾಯುವ ತಂಡದಲ್ಲಿ ಇವರೂ ಒಬ್ಬರು. ಗೆದ್ದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಇವರದು ಈವರೆಗೆ ಬಂದಿಲ್ಲ.

ಯಾದಗಿರಿ ಕಡೆಯವರು. ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ಈಗ ಇಲ್ಲೇ ಕಸ ಗುಡಿಸುತ್ತಾರೆ. ಎರಡು ವರ್ಷದ ಹಿಂದೆ ಕಾವಲು ತಂಡ ಇಲ್ಲಿ ಯಂತ್ರ ಪರೀಕ್ಷಿಸುತ್ತಿತ್ತು. ತಾವೇ ಹಾರಿಸಿದ ಡ್ರೋನನ್ನು ನಾಲ್ವರು ದುರ್ಬೀನು ಹಿಡಿದು ಹುಡುಕುತ್ತಿದ್ದಾಗ ಶರಣಮ್ಮ ಪೊರಕೆಯಿಂದಲೇ ತೋರಿಸಿದರಂತೆ. ತಂಡದ ಮೇಲ್ವಿಚಾರಕ ಅಪ್ಪಾಸಾಹೇಬ ವಿಜಯಪುರದವರು. "ಯಂತ್ರ ಸಿಗ್ನಲ್ ಹಿಡೀತದ್ರಿ. ಹಾರೋ ದಾರಿ ಮೊದಲೇ ಅದರಾಗ ತುಂಬಿ ಬಿಟ್ಟ ಡ್ರೋನ್ ಸಿಗ್ನಲ್ಲೇ ಕೊಡಂಗಿಲ್ಲ. ಅದಕ್ಕ ಕಣ್ಣೇ ಬೇಕು" ಎನ್ನುತ್ತಾರೆ.

ಆ ಕಣ್ಣು ಪಳಗಿದ್ದು ಜೋಳದ ಹೊಲದಲ್ಲಿ. "ಸಣ್ಣಾಕಿದ್ದಾಗ ಅಟ್ಟಣಿಗಿ ಮ್ಯಾಲ ನಿಂತು ಹಕ್ಕಿ ಕಾಯ್ತಿದ್ದೆರಿ. ಹಕ್ಕಿ ಹುಡುಕಬಾರದು, ಗದ್ದಲ ಹುಡುಕಬೇಕು. ಡ್ರೋನ್ ಬಂತಂದ್ರ ಕಾಗಿ ಸುಮ್ನಿರಂಗಿಲ್ಲ" ಎಂದು ಶರಣಮ್ಮ ಗುಟ್ಟು ಬಿಡುತ್ತಾರೆ.

ಹಳೆಯ ಅಭ್ಯಾಸ ಒಮ್ಮೆ ಫಜೀತಿಗೂ ಸಿಕ್ಕಿಸಿತ್ತು. ಮೊದಲ ಸ್ಪರ್ಧೆಯಲ್ಲಿ ಡ್ರೋನ್ ಕಂಡದ್ದೇ ವಾಕಿಟಾಕಿ ಮರೆತು, "ಹೋಯ್, ಹೋ" ಎಂದು ಕೂಗುತ್ತ ಚಪ್ಪಾಳೆ ತಟ್ಟಿದರು. ಡ್ರೋನ್ ಹೆದರಲಿಲ್ಲ, ಕೆಳಗಿದ್ದ ಪೊಲೀಸರು ಹೆದರಿದರು.

ಈವರೆಗೆ ಆರು ಸ್ಪರ್ಧೆ, ಹನ್ನೊಂದು ಡ್ರೋನ್. ಹೆಚ್ಚಿನವು ಮದುವೆ ಚಿತ್ರ ತೆಗೆಯುವವರವು. ಯಾವುದರಲ್ಲೂ ದುರುದ್ದೇಶವಿರಲಿಲ್ಲ. ಆದರೆ ಓಡುವ ಜನರ ನಡುವೆ ಒಂದು ಬಿದ್ದರೂ ಕಾಲ್ತುಳಿತವಾಗುತ್ತದೆ, ಅದು ಯಾರದೆಂದು ವಿಚಾರಿಸುವಷ್ಟು ಪುರುಸೊತ್ತು ಆಗ ಯಾರಿಗೂ ಇರುವುದಿಲ್ಲ.

ಇವತ್ತು ಶರಣಮ್ಮನಿಗೊಂದು ಆಸೆಯಿದೆ. ಧನಕವಡಿಯ ಕಾಲೇಜಿನಲ್ಲಿ ಓದುವ ಮಗಳು ಭಾಗ್ಯಾ ಮೊದಲ ಸಲ ಓಡುತ್ತಿದ್ದಾಳೆ. ಹಳದಿ ಅಂಗಿ, ಏಳರ ಸುಮಾರಿಗೆ ಈ ಕಟ್ಟಡದ ಮುಂದೆ ಹಾಯುತ್ತಾಳೆ. "ಒಂದ್ಸಲ ಬಗ್ಗಿ ನೋಡ್ತೀನ್ರಿ, ಸಾಕು. ಅಕಿ ಓಡೋದು ನಾ ನೋಡೇ ಇಲ್ಲ."

ಏಳಕ್ಕೆ ಐದು ನಿಮಿಷ. ಕೆಳಗೆ ಗದ್ದಲ ಏರುತ್ತದೆ. "ಹಳದಿ ಅಂಗಿ ಬಂತು ನೋಡಿ" ಎಂದು ನಾನೇ ಕೂಗುತ್ತೇನೆ. ಗೋಡೆಯತ್ತ ಎರಡು ಹೆಜ್ಜೆ ಇಟ್ಟ ಶರಣಮ್ಮ ಅಲ್ಲೇ ನಿಲ್ಲುತ್ತಾರೆ. ರಸ್ತೆಯಾಚೆ ನೀರಿನ ಟಾಕಿಯ ಮೇಲೆ ಕಾಗೆಗಳು ಎದ್ದಿವೆ.

"ಟಾಕೀವರ್ ಡ್ರೋನ್ ಆಹೆ", ಟಾಕಿಯ ಮೇಲೆ ಡ್ರೋನ್ ಇದೆ ಎಂದು ವಾಕಿಟಾಕಿಯಲ್ಲಿ ಮರಾಠಿಯಲ್ಲಿ ಹೇಳುತ್ತಾರೆ. ದನಿ ಏರುವುದಿಲ್ಲ. ಕಣ್ಣು ತಪ್ಪಿದರೆ ಮತ್ತೆ ಸಿಗುವುದಿಲ್ಲವಾದ್ದರಿಂದ ಅದು ಇಳಿಯುವವರೆಗೂ ದುರ್ಬೀನು ಇಳಿಸುವಂತಿಲ್ಲ. ನಾಲ್ಕು ನಿಮಿಷದಲ್ಲಿ ಕೆಳಗಿನ ತಂಡ ಅದನ್ನು ಖಾಲಿ ನಿವೇಶನದಲ್ಲಿ ಇಳಿಸುತ್ತದೆ. ಹೊಸ ಫ್ಲ್ಯಾಟುಗಳ ಜಾಹೀರಾತಿಗೆ ಚಿತ್ರ ತೆಗೆಯುತ್ತಿದ್ದವರದು. ಅಷ್ಟರಲ್ಲಿ ಹಳದಿ ಅಂಗಿ ತಿರುವು ದಾಟಿಯಾಗಿದೆ.

ಹಿಂದಿನವರ ಓಟ ಇನ್ನೂ ಮುಗಿದಿಲ್ಲ, ಗುರಿ ಮುಟ್ಟಿದ ಭಾಗ್ಯಾಳ ಫೋನ್ ಬರುತ್ತದೆ. ಶರಣಮ್ಮ ಸ್ಪೀಕರ್ ಹಾಕುತ್ತಾರೆ.

"ಅವ್ವಾ, ಮ್ಯಾಲ ನೋಡಿ ಕೈ ಬೀಸಿದ್ನಲ್ಲ, ನೋಡಿದೇನ?"

"ಇಲ್ಲವ್ವ" ಎನ್ನುತ್ತಾರೆ ತಾಯಿ, ಕಣ್ಣು ಇನ್ನೂ ಆಕಾಶದಲ್ಲೇ. "ನಿನ್ನ ತಲಿ ಮ್ಯಾಲಿಂದು ನೋಡ್ಕೊಂತಿದ್ದೆ."