ಜವರಪ್ಪ ಮೇಷ್ಟ್ರು ನೋಡದ ಗೋಲು

ಹೊಳೆನರಸೀಪುರದ ನಮ್ಮ ಹೈಸ್ಕೂಲಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ಜವಾನನ ಕೆಲಸ. ಆದರೆ ಗೋಲಿನ ಗೆರೆಯನ್ನು ಮಾತ್ರ ಡ್ರಿಲ್ ಮೇಷ್ಟ್ರು ಜವರಪ್ಪನವರು ಯಾರ ಕೈಗೂ ಕೊಡುತ್ತಿರಲಿಲ್ಲ. ಖಾಕಿ ಚಡ್ಡಿಯಲ್ಲಿ ಮಂಡಿಯೂರಿ ಕಂಬದಿಂದ ಕಂಬಕ್ಕೆ ಗೇಣಗಲ ಬಳಿಯುತ್ತಿದ್ದರು. ಪಂದ್ಯದಲ್ಲಿ ಗೋಲಾದರೆ ಸೀಟಿ ಊದುವ ಮೊದಲು ಅಲ್ಲಿಗೆ ಓಡಿ, ಬಗ್ಗಿ ನೋಡುತ್ತಿದ್ದರು. "ಕಣ್ಣಲ್ಲಿ ನೋಡ್ದೆ ಬಾಯಲ್ಲಿ ಯೋಳಬ್ಯಾಡ ಕಣ್ಲಾ" ಎಂಬುದು ಅವರ ಮಾತು. ಚಾಡಿ ಹೇಳುವ ಹುಡುಗರಿಗೂ ಅದೇ, ಗಾಳಿಸುದ್ದಿ ತರುವ ಮೇಷ್ಟ್ರುಗಳಿಗೂ ಅದೇ.

ಅರವತ್ತರ ದಶಕದ ಮೊದಲಲ್ಲಿ ನಾನು ಗಣಿತದ ಮೇಡಮ್ಮಾಗಿ ಆ ಶಾಲೆಗೆ ಹೋದೆ. ಮೇಷ್ಟ್ರ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ನನ್ನ ವಾಸ. ಅವರ ಹೆಂಡತಿ ಪುಟ್ಟತಾಯಮ್ಮ ಬಸ್ಸಾರು ಮಾಡಿದ ದಿನ ನನಗೂ ಒಂದು ಬಟ್ಟಲು ಬರುತ್ತಿತ್ತು. ಮೇಷ್ಟ್ರು ಬಾಗೂರಿನ ರೈತರ ಮಗ. ಬೆಂಗಳೂರಿನ ಗಿರಣಿಯೊಂದರಲ್ಲಿ ದುಡಿಯುವಾಗ ಫುಟ್‌ಬಾಲ್ ಕಲಿತು, ರೆಫರಿ ಪರೀಕ್ಷೆ ಪಾಸು ಮಾಡಿ, ಬೊಂಬಾಯಿಯಲ್ಲಿ ನಡೆದ ಅಖಿಲ ಭಾರತ ಕಪ್ಪಿನ ಫೈನಲಿನಲ್ಲಿ ಮೈದಾನದ ಅಂಚಿನಲ್ಲಿ ಓಡುತ್ತ ರೆಫರಿಗೆ ಸನ್ನೆ ಮಾಡುವ ಲೈನ್ಸ್‌ಮನ್ ಆಗಿ ಬಾವುಟ ಹಿಡಿದವರು. ಊರವರಿಗೆ ಅದೊಂದು ಹೆಮ್ಮೆ. ಅವರು ಮಾತ್ರ ಆ ಮಾತು ಬಂದರೆ ಎದ್ದು ಹೋಗುತ್ತಿದ್ದರು.

ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಎತ್ತರದ ಆಳೊಬ್ಬ ಜಗಲಿಯ ಮುಂದೆ ಬಂದು ನಿಂತ.

"ಗುರುತು ಸಿಕ್ತಾ ಸಾ? ಶೆಟ್ಟಿಹಳ್ಳಿ ರಾಯಪ್ಪ. ಬೊಂಬಾಯಲ್ಲಿ ಸೋತ ಕಡೆ ಗೋಲ್ ಕೀಪರ್ರು."

ಮೇಷ್ಟ್ರು ಕೂರು ಎನ್ನಲೂ ಮರೆತರು. ರಾಯಪ್ಪ ನಿಂತೇ ಹೇಳಿದ. "ಬಾಲು ಮೇಲಿನ್ ಕಂಬಕ್ಕೆ ಬಡ್ದು ನನ್ ಬೆನ್ನಿಂದೆ ಬಿತ್ತು. ತಿರುಗಿ ಬಾಚ್ಕಂಡೆ. ಗೆರೆ ದಾಟಿತ್ತೋ ಇಲ್ವೋ ನಂಗೆ ಕಾಣ್ನಿಲ್ಲ. ದಾಟಿರ್ನಿಲ್ಲ ಅಂತ್ಲೇ ಎಲ್ರ ತಾವೂ ವಾದ ಮಾಡ್ದೆ. ಟೀಮಿಂದ ತೆಗುದ್ಬುಟ್ರು. ನೀವ್ ಯೋಳಿ ಸಾ, ಒಳಗಿತ್ತಾ?"

"ಒಳಗಿತ್ತು" ಎಂದರು ಮೇಷ್ಟ್ರು.

ರಾಯಪ್ಪ ಜಗಲಿಯ ಅಂಚಿಗೆ ಕೂತ. "ನಮ್ ಜಿಲ್ಲೆಯವ್ರು ನೀವು. ನೀವ್ ಯೋಳಿದ್ಮೇಲೆ ಮುಗೀತು ಬುಡಿ" ಎಂದು ಪುಟ್ಟತಾಯಮ್ಮ ಕೊಟ್ಟ ಮಜ್ಜಿಗೆ ಕುಡಿದು, ಕೈ ಮುಗಿದು ಹೊರಟುಹೋದ.

ಆ ಸಂಜೆ ಮೇಷ್ಟ್ರು ತಟ್ಟೆಯ ಮುಂದೆ ಕೂತವರು ಮುದ್ದೆ ಮುರಿಯಲಿಲ್ಲ. ಪುಟ್ಟತಾಯಮ್ಮ ಹೆದರಿ ನನ್ನನ್ನು ಕರೆದರು.

"ನಾನ್ ನೋಡ್ಲೇ ಇಲ್ಲ ಕಣಮ್ಮ" ಎಂದರು ಮೇಷ್ಟ್ರು. "ತೊಂಬತ್ ನಿಮಿಷಕ್ಕೂ ಸಮ ಇತ್ತು. ಎಕ್ಸ್‌ಟ್ರಾ ಟೈಮು ಕೊಟ್ರು. ಅದ್ರಲ್ಲೂ ಇನ್ನೇನು ಮುಗೀತು ಅನ್ನುವಾಗ ಆ ಹೊಡೆತ. ಓಡಿ ಓಡಿ ಕಾಲು ಸೋತು ನಾನು ಹಿಂದೆ ಬಿದ್ದಿದ್ದೆ. ಬಾಲು ಎಲ್ಲಿ ಬಿತ್ತೋ! ರೆಫರಿ ನನ್ ಮುಖ ನೋಡ್ದ. ಬೆಳಿಗ್ಗೆ ನಾನೂ ರಾಯಪ್ಪನೂ ಕನ್ನಡದಲ್ಲಿ ನಗ್ತಾ ಮಾತಾಡಿದ್ದನ್ನ ಎಲ್ಲಾ ಕಂಡಿದ್ರು. ಗೋಲಲ್ಲ ಅಂದ್ರೆ ತನ್ನೂರವನ್ನ ಉಳಿಸ್ಕಂಡ ಅಂತಾರೆ ಅಂತ ಹೆದ್ರಿ ಗೋಲು ಅಂತ ಬಾವುಟ ಎತ್ಬುಟ್ಟೆ. ಅಷ್ಟೇ. ಕಪ್ಪು ಆ ಕಡೆಗೋಯ್ತು. ಇವತ್ತೂ ನಿಜ ಯೋಳಕ್ಕೆ ಬಾಯ್ ಬರ್ನಿಲ್ಲ."

ನನಗಾಗ ಇಪ್ಪತ್ತಮೂರು. ಲೆಕ್ಕ ಎಂದರೆ ಸರಿ ಇಲ್ಲವೇ ತಪ್ಪು ಎಂದು ತಿಳಿದಿದ್ದ ವಯಸ್ಸು. "ಹೋಗಿ ನಿಜ ಹೇಳಿಬಿಡಿ ಮೇಷ್ಟ್ರೇ, ಇಬ್ಬರಿಗೂ ನೆಮ್ಮದಿ" ಎಂದೆ. ಆಮೇಲೆ ಆ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಮೂರು ತಿಂಗಳು ತಡೆದು ಹೊರಟರು. ಒಬ್ಬರೇ ಹೋದರೆ ಹಾಸನದಿಂದಲೇ ತಿರುಗಿ ಬರುತ್ತೇನೆಂದು ನಮ್ಮಿಬ್ಬರನ್ನೂ ಕರೆದುಕೊಂಡರು. ಶೆಟ್ಟಿಹಳ್ಳಿಯಲ್ಲಿ ರಾಯಪ್ಪ ಆಲೂಗೆಡ್ಡೆ ಅಗೆಯುತ್ತಿದ್ದ. ನಮ್ಮನ್ನು ಕಂಡು ಮುಖ ಅರಳಿತು. ಬದುವಿನ ಮೇಲೆ ನಿಂತು ಮೇಷ್ಟ್ರು ಒಂದೂ ಬಿಡದೆ ಹೇಳಿದರು. ರಾಯಪ್ಪ ಗುದ್ದಲಿ ಊರಿಕೊಂಡು ಕೇಳಿದ.

"ಯಾಕ್ ಬಂದ್ರಿ ಸಾ?" ಎಂದ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಒಳಗಿತ್ತು ಅಂದ ಮ್ಯಾಕೆ ತಪ್ಪು ನಂದೇ ಅಂತ ಬುಟ್ಟಾಕಿದ್ದೆ. ಮೂರ್ ತಿಂಗ್ಳು ಚೆಂದಾಗಿ ನಿದ್ದೆ ಮಾಡ್ದೆ. ಈಗ ಯಾರ್ನ ಕೇಳ್ಳಿ? ನೋಡ್ದವ್ರೇ ಯಾರೂ ಇಲ್ವಲ್ಲ."

ಹೊರಡುವಾಗ ಒಂದು ಚೀಲ ಗೆಡ್ಡೆ ತುಂಬಿಸಿ ಕೊಟ್ಟ. ಪುಟ್ಟತಾಯಮ್ಮ ಅದನ್ನು ಬೇಯಿಸಲಿಲ್ಲ. ಮೊಳಕೆ ಬಂದ ಮೇಲೆ ಹಿತ್ತಲಿಗೆ ಸುರಿದರು.

ಮರುವರ್ಷ ಮೇಷ್ಟ್ರಿಗೆ ಅರಕಲಗೂಡಿಗೆ ವರ್ಗವಾಯಿತು. ಹಾಸನದ ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕರು. ಬಹಳ ಇಳಿದುಹೋಗಿದ್ದರು. "ರಾಯಪ್ಪ ವಾರವಾರ ಸಂತೆ ದಿನ ಮನೆಗೆ ಬತ್ತಾನೆ. ಬೈಯಲ್ಲ, ಜಗಳ ಆಡಲ್ಲ. ಇನ್ನೊಂದ್ ಕಿತ ಯೋಳಿ ಸಾ ಅಂತಾನೆ. ಮೊದ್ಲಿಂದ ಯೋಳ್ತೀನಿ. ಕೇಳ್ಕಂಡು ಎದ್ದೋಯ್ತಾನೆ" ಎಂದರು. ಅವರ ಬಸ್ಸು ಬಂತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಥಿಯೂ ಮುಗಿದಿತ್ತು. ಪುಟ್ಟತಾಯಮ್ಮನನ್ನು ಮಾತಾಡಿಸಲು ಅರಕಲಗೂಡಿಗೆ ಹೋದೆ. ಜಗಲಿಯ ಮೇಲೆ ರಾಯಪ್ಪ ಕೂತಿದ್ದ. ಅಂದು ಸಂತೆ.

"ಅವ್ರು ತೀರ್ಕಂಡ್ಮೇಲೂ ಬತ್ತಾನೆ. ಕೂತಿದ್ದು ಓಯ್ತಾನೆ. ನಾನೇನ್ ಯೋಳ್ಳವ್ವ?" ಎಂದು ಪುಟ್ಟತಾಯಮ್ಮ ಒಳಗೆ ಪಿಸುಗುಟ್ಟಿದರು.

ನಾನು ಹೊರಗೆ ಬಂದಾಗ ರಾಯಪ್ಪ ಎದ್ದು ನಿಂತ. "ಮೇಡಮ್ಮಾರೆ, ಆವತ್ತು ಒಲದ್ ತಾವ ನೀವೂ ಇದ್ರಿ. ಸಾ ಏನೇನಂದ್ರು, ಒಂದ್ ಕಿತ ನೀವ್ ಯೋಳಿ."

ಹೇಳಿದೆ. ಸೋತ ಕಾಲು, ಕಾಣದ ಚೆಂಡು, ರೆಫರಿಯ ನೋಟ, ಎತ್ತಿದ ಬಾವುಟ. ನಾನು ಬೊಂಬಾಯಿಯನ್ನೇ ಕಂಡವಳಲ್ಲ. ಆದರೂ ಎಲ್ಲವನ್ನೂ ಕಂಡವಳಂತೆ ಹೇಳಿದೆ. ಮುಗಿದ ಮೇಲೆ ರಾಯಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದವನು ತಿರುಗಿ ನಿಂತ.

"ಒಳೆನರಸೀಪುರದಾಗೆ ನಿಮ್ಮನೆ ಇನ್ನೂ ಅಲ್ಲೇನಾ ತಾಯಿ?"