ತೊಳೆಯೋ ಅತ್ತೆಯ ಚೀಸ್

ಹಸಿ ಹಾಲಿನಿಂದ ಚೀಸ್ ಮಾಡುವ ಆಕೆಯನ್ನು ಓಣಿಯವರೆಲ್ಲ ಕರೆಯುವುದು 'ತೊಳೆಯೋ ಅತ್ತೆ' ಎಂದೇ. ಹಸುವಿನ ಕೆಚ್ಚಲು, ಹಾಲಿನ ಕ್ಯಾನು, ಕೋಣೆಯ ನೆಲ, ಒಳಗೆ ಬಂದವರ ಚಪ್ಪಲಿ, ಎಲ್ಲವೂ ಆಕೆಯ ಕೈಯಲ್ಲಿ ತೊಳೆಸಿಕೊಳ್ಳಲೇಬೇಕು. ಬೆಕ್ಕು ಕೂಡ ಹೆದರಿ ಅತ್ತ ತಲೆ ಹಾಕುವುದಿಲ್ಲ. "ಕಳ್ಳ ಬಂದ್ರೆ ಕಣ್ಣಿಗಾದ್ರೂ ಕಾಣ್ತಾನೆ, ಈ ಹಾಳು ಬ್ಯಾಕ್ಟೀರಿಯಾನ ಹೆಂಗೆ ಕಾಯಲಿ?" ಎಂದು ಗೊಣಗುತ್ತಲೇ, ಹಲಗೆಯ ಮೇಲೆ ಹದವಾಗುತ್ತಿರುವ ಒಂದೊಂದು ಚೀಸನ್ನೂ ಜ್ವರ ಬಂದ ಮಗುವಿನ ಹಣೆಯಂತೆ ಮುಟ್ಟಿ ನೋಡುತ್ತಾಳೆ. ಲ್ಯಾಬಿನಿಂದ ಒಳ್ಳೆಯ ಸುದ್ದಿ ಬರುವವರೆಗೆ ಒಂದು ಚೂರೂ ಮಾರುವುದಿಲ್ಲ. ಬಂದ ಮೇಲೂ ಬಸುರಿಯರಿಗೆ ಕೊಡುವುದಿಲ್ಲ. "ಪರೀಕ್ಷೆಗೂ ಸಿಗದೆ ಏನಾದ್ರೂ ಉಳಿದಿದ್ರೆ ಹೊಟ್ಟೇಲಿರೋ ಕೂಸಿಗೆ ಕುತ್ತು" ಎನ್ನುತ್ತಾಳೆ. ಈ ಸಲ ಬಸುರಿಯಾಗಿ ಬಂದು ಕೈಯೊಡ್ಡಿದವಳು ಆ ಚೀಸ್ ತಿಂದೇ ಬೆಳೆದ ಸ್ವಂತ ಮಗಳು. ಕೊಡಲಿಲ್ಲ. "ನಿನ್ನ ಕೈಮೇಲೆ ನಿನಗೇ ನಂಬಿಕೆ ಇಲ್ವೇನಮ್ಮಾ?" ಎಂದು ಮಗಳು ರೇಗಿದಳು. ಅತ್ತೆ ಚೀಸ್‌ಗೆಂದು ಮೊದಲ ಸಲ ಹಾಲನ್ನು ಉಕ್ಕುವ ತನಕ ಕಾಯಿಸಿ, ಒಡೆಸಿ, ಹಿಂಡಿ, ಒಂದು ಪುಟ್ಟ ಮುದ್ದೆ ಮಾಡಿ ಮುಂದಿಟ್ಟು ಮಗಳ ಬಾಯನ್ನೇ ನೋಡುತ್ತ ನಿಂತಳು. ಮಗಳು ಬಾಯಿಗಿಟ್ಟು ಮುಖ ಕಿವುಚಿದಳು: "ಸಪ್ಪೆ ಕಣಮ್ಮಾ, ಇದರಲ್ಲಿ ಏನೂ ಇಲ್ಲ." ಊರೇ ಹೊಗಳಿದಾಗಲೂ ಅರಳದ ಆ ಮುಖ ಆಗ ಅರಳಿತು. "ಏನೂ ಇಲ್ಲ ತಾನೇ? ಹಾಗಾದ್ರೆ ತಿನ್ನು ಕಂದಾ."